ಕಡಲ ತಡಿಯಲ್ಲಿ ಮೂರು ದಿನ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೋಶ ಓದುವುದಕ್ಕೆ ಊರಿನ ಗ್ರಂಥಾಲಯ ಸಾಕು. ದೇಶ ಸುತ್ತುವುದಕ್ಕೆ ಮಾತ್ರ ಹಣ ಬೇಕು, ಆದುದರಿಂದ ಅದು ಉಳ್ಳವರ ಪಾಲಿನದು ಎಂದು ಹಲವರು ತಿಳಿದಿರುವರು. ಪ್ರವಾಸಿಗರು ಕಿಕ್ಕಿರಿದು ಸೇರುವ ಕಡಲ ತೀರದ ಊರುಗಳ ಮಾತು ಬಂದರಂತೂ ಸಾಮಾನ್ಯ ಸಂಸಾರದವರು ಅದನ್ನು ಮನಸ್ಸಿನಿಂದಲೇ ತೆಗೆದುಹಾಕುತ್ತಾರೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ತೋರಿಸಿಕೊಟ್ಟವಳು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನನ್ನ ಅಕ್ಕ.

ನಮ್ಮದು ನವಲಗುಂದದ ಕಡೆಯ ಎರೆನೆಲದ ಒಂದು ಹಳ್ಳಿ. ನಾವು ಚಿಕ್ಕವರಾಗಿದ್ದಾಗ ಊರಿಗೆಲ್ಲ ಕುಡಿಯುವ ನೀರಿನ ಆಸರೆಯಾಗಿದ್ದುದು ಒಂದೇ ಕೆರೆ. ಮಳೆ ಕೈಕೊಟ್ಟ ವರ್ಷ ಕೆರೆಯ ತಳ ಬಿರುಕು ಬಿಡುತ್ತಿತ್ತು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಗುರುಗಳು ಕರಿಹಲಗೆಯ ಮೇಲೆ ಸಮುದ್ರದ ಚಿತ್ರ ಬರೆದು, ಅಲೆಗಳನ್ನು ಕುರಿತು ಪಾಠ ಹೇಳಿದರಂತೆ. ಅಂದು ಸಂಜೆ ಅವಳು ಮನೆಗೆ ಬಂದು, “ಸಮುದ್ರ ಅಂದ್ರ ನಮ್ಮೂರ ಕೆರಿಗಿಂತ ದೊಡ್ಡದಿರತೈತೇನು?” ಎಂದು ತಂದೆಯವರನ್ನು ಕೇಳಿದಳು. ತಂದೆಯವರೂ ಸಮುದ್ರವನ್ನು ಕಂಡವರಲ್ಲ. ಆ ವರ್ಷದ ಕೊನೆಗೆ ಅವಳ ಶಾಲೆ ನಿಂತಿತು. ಹೊಲದ ಕೆಲಸಕ್ಕೆ ತಾಯಿಗೆ ಜೊತೆ ಬೇಕಾಗಿತ್ತು. ಇಬ್ಬರನ್ನು ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಅವಳು ಕುರುಪಿ ಹಿಡಿದಳು, ನಾನು ಪಾಟಿ ಹಿಡಿದೆ. ನಾನು ಎಂ.ಎ. ಮುಗಿಸಿ ಶಿಕ್ಷಕನಾದೆ, ಮುಂದೆ ಅನೇಕ ವರ್ಷ ಮಕ್ಕಳಿಗೆ ಸಮುದ್ರವನ್ನು ಕುರಿತ ಪಾಠಗಳನ್ನು ಹೇಳಿದೆ, ಶಾಲೆಯ ಪ್ರವಾಸಗಳಲ್ಲಿ ಏಳೆಂಟು ಸಲ ಕಡಲನ್ನು ಕಂಡೆ. ಅಕ್ಕನನ್ನು ಒಂದು ಸಲವಾದರೂ ಕರೆದೊಯ್ಯಬೇಕೆಂದು ನನಗೆ ಹೊಳೆಯಲಿಲ್ಲ. ಈ ಮಾತನ್ನು ಬರೆಯುವಾಗ ನನಗೆ ನಾಚಿಕೆಯೆನಿಸುತ್ತದೆ. ಆದರೂ ಬರೆಯದೆ ಬಿಟ್ಟರೆ ಮುಂದಿನ ಕಥೆಗೆ ಅರ್ಥವಿರುವುದಿಲ್ಲ.

2025ರ ಏಪ್ರಿಲ್ ತಿಂಗಳಿನಲ್ಲಿ, ಅಕ್ಕನಿಗೆ ಅರವತ್ತೊಂಬತ್ತು ತುಂಬಿದಾಗ, ಅವಳೇ ಮಾತು ತೆಗೆದಳು. ಎಮ್ಮೆಯ ಹಾಲು ಮಾರಿ ಉಳಿಸಿದ ಮೂರು ಸಾವಿರ ರೂಪಾಯಿ ಅವಳ ಡಬ್ಬಿಯಲ್ಲಿತ್ತು. ಎಂಟನೆಯ ತರಗತಿಯ ಪರೀಕ್ಷೆ ಮುಗಿಸಿದ್ದ ಮೊಮ್ಮಗಳನ್ನೂ ಕರೆದುಕೊಂಡು ಸಮುದ್ರ ನೋಡಿ ಬರಬೇಕೆಂಬುದು ಅವಳ ಆಸೆ. ಖರ್ಚನ್ನೆಲ್ಲ ನಾನೇ ನೋಡಿಕೊಳ್ಳುವೆನೆಂದು ಹೇಳಿದೆ. ಅವಳು ಒಪ್ಪಲಿಲ್ಲ. “ನಿನ್ನ ರೊಕ್ಕದಾಗ ನೋಡಿದರ ಅದು ನೀ ತೋರಿಸಿದ ಸಮುದ್ರ ಆಗತೈತಿ, ತಮ್ಮಾ. ನಾ ದುಡಿದ ರೊಕ್ಕದಾಗ ನೋಡತೀನಿ” ಎಂದಳು. ಕೊನೆಗೆ ಅವಳದು ಮೂರು ಸಾವಿರ, ನನ್ನದು ಮೂರು ಸಾವಿರ, ಒಟ್ಟು ಆರು ಸಾವಿರದಲ್ಲಿ ಮೂವರೂ ಮೂರು ದಿನ ಹೋಗಿ ಬರತಕ್ಕದ್ದು, ಅದನ್ನು ಮೀರಕೂಡದು ಎಂದು ನಿಶ್ಚಯವಾಯಿತು. ಲೆಕ್ಕ ಬರೆಯುವ ಕೆಲಸ ಮೊಮ್ಮಗಳ ಪಾಲಿಗೆ ಬಂತು. ಅವಳು ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳಲ್ಲಿ ಗೆರೆ ಎಳೆದು ಸಿದ್ಧಳಾದಳು.

ಎಲ್ಲಿಗೆ ಹೋಗುವುದು? ಉತ್ತರ ಕನ್ನಡ ಜಿಲ್ಲೆಯ ಗೋಕರ್ಣವನ್ನು ಆರಿಸಿದೆವು. ಅದಕ್ಕೆ ಎರಡು ಕಾರಣ. ಅದು ಪುರಾತನ ಯಾತ್ರಾಸ್ಥಳ. ಮಹಾಕವಿ ಕಾಳಿದಾಸನ ‘ರಘುವಂಶ’ದ ಎಂಟನೆಯ ಸರ್ಗದಲ್ಲಿ ನಾರದರು ದಕ್ಷಿಣ ಸಮುದ್ರದ ದಡದಲ್ಲಿರುವ ಗೋಕರ್ಣದ ಈಶ್ವರನ ಸೇವೆಗಾಗಿ ಹೊರಟ ಪ್ರಸಂಗ ಬರುತ್ತದೆ. ರಾವಣನ ಕೈಯಲ್ಲಿದ್ದ ಆತ್ಮಲಿಂಗವನ್ನು ಬಾಲಕನ ರೂಪದ ಗಣಪತಿ ನೆಲಕ್ಕಿಟ್ಟ ಕಥೆ ನಮ್ಮ ನಾಡಿನ ಮನೆಮನೆಗೂ ಗೊತ್ತು. ಹೀಗಾಗಿ ಶತಮಾನಗಳಿಂದ ಬಡ ಯಾತ್ರಿಕರಿಗೆ ತಂಗಲು, ಉಣ್ಣಲು ಅಲ್ಲಿ ಅನುಕೂಲವಿದೆ. ಅದೇ ಊರು ಈಗ ದೇಶವಿದೇಶಗಳ ವಿಹಾರಿಗಳನ್ನು ಸೆಳೆಯುವ ಕಡಲ ತೀರವೂ ಹೌದು. ಊರ ಮುಂದಿನ ಉದ್ದನೆಯ ತೀರವಲ್ಲದೆ ದಕ್ಷಿಣದ ಗುಡ್ಡಗಳಾಚೆ ಕುಡ್ಲೆ, ಓಂ, ಅರ್ಧಚಂದ್ರ ಎಂಬ ಚಿಕ್ಕ ಚಿಕ್ಕ ತೀರಗಳಿವೆ. ಒಂದೇ ಊರಿನಲ್ಲಿ ಎರಡು ಬೆಲೆಗಳಿರುವುದು ಇಂಥ ಸ್ಥಳದ ಲಕ್ಷಣ. ಅವುಗಳಲ್ಲಿ ನಮಗೆ ತಕ್ಕುದನ್ನು ಆರಿಸಿಕೊಳ್ಳುವುದೇ ಜಾಣತನ.

ಹೊರಡುವ ದಿನವನ್ನು ಮಂಗಳವಾರಕ್ಕೆ ಗೊತ್ತುಮಾಡಿದೆವು. ಶನಿವಾರ, ಭಾನುವಾರಗಳಲ್ಲಿ ನಗರಗಳ ಜನ ಬಂದು ತುಂಬುವುದರಿಂದ ಕೋಣೆಗಳ ಬಾಡಿಗೆ ಏರಿರುತ್ತದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಹಣವಿಲ್ಲವಾದುದರಿಂದ ಅಕ್ಕನಿಗೂ ಮೊಮ್ಮಗಳಿಗೂ ಬಸ್ಸಿನ ಖರ್ಚು ಬರಲಿಲ್ಲ. ಅರವತ್ತು ದಾಟಿದ ನನಗೆ ಶೇಕಡ 25ರಷ್ಟು ರಿಯಾಯಿತಿ ದೊರೆಯಿತು. ಅಕ್ಕ ಮೊದಲ ದಿನದ ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಕಟ್ಟಿಕೊಂಡಳು. ನೀರಿನ ತಂಬಿಗೆಯೂ ಬಂತು.

ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 140 ಕಿಲೋಮೀಟರುಗಳ ದಾರಿ. ಕಲಘಟಗಿ ದಾಟಿದ ಮೇಲೆ ಬಯಲು ಮುಗಿದು ಕಾಡು ಮೊದಲಾಗುತ್ತದೆ. ಮೊಮ್ಮಗಳು ಭೂಗೋಳದ ಪುಸ್ತಕದಲ್ಲಿ ಓದಿದ್ದನ್ನು ಅಜ್ಜಿಗೆ ವಿವರಿಸತೊಡಗಿದಳು. ನಮ್ಮ ಭಾಗದ ಮಲಪ್ರಭೆ ಹುಟ್ಟುವುದು ಪಶ್ಚಿಮ ಘಟ್ಟದ ಕಣಕುಂಬಿಯಲ್ಲಿ. ಅಲ್ಲಿಂದ ಪಶ್ಚಿಮ ಸಮುದ್ರ ತೀರ ಹತ್ತಿರವಿದ್ದರೂ ಅದು ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಬಹುದೂರದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯಾದರೋ ಬೇಡ್ತಿಯೊಡನೆ ಕೂಡಿ, ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಗೋಕರ್ಣದ ಉತ್ತರಕ್ಕೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಕ್ಕ ಎಲ್ಲವನ್ನೂ ಕೇಳಿ, “ಹಂಗಾದರ ಧಾರವಾಡದಾಗ ಬಿದ್ದ ಮಳಿ ನಮಗಿಂತ ಮೊದಲ ಬಂದು ಸಮುದ್ರ ನೋಡೇತಿ” ಎಂದು ನಕ್ಕಳು.

ಅರಬೈಲು ಘಟ್ಟವನ್ನಿಳಿದು ಅಂಕೋಲೆ ಸೇರಿದಾಗ ಮಧ್ಯಾಹ್ನ. ಅಲ್ಲಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗುವಾಗ ಶಿರೂರಿನಲ್ಲಿ ಕತ್ತರಿಸಿದಂತೆ ನಿಂತ ಗುಡ್ಡ ಕಾಣಿಸಿತು. 2024ರ ಜುಲೈ 16ರಂದು ಭಾರಿ ಮಳೆಗೆ ಆ ಗುಡ್ಡ ಕುಸಿದು, ದಾರಿಯ ಬದಿಯಲ್ಲಿದ್ದವರೂ ವಾಹನಗಳವರೂ ಪ್ರಾಣ ಕಳೆದುಕೊಂಡರು. ಬಸ್ಸಿನಲ್ಲಿ ಮಾತನಾಡುತ್ತಿದ್ದವರು ಆ ಸ್ಥಳ ದಾಟುವವರೆಗೆ ಸುಮ್ಮನಾದರು. ಮಳೆಗಾಲದ ಕರಾವಳಿ ಮತ್ತೊಂದು ಬಗೆಯದು ಎಂಬುದನ್ನು ನೆನಪಿಸುವ ಜಾಗವದು.

ಗೋಕರ್ಣದಲ್ಲಿ ಕಡಲಿಗೆ ಮುಖಮಾಡಿದ ಒಂದು ವಸತಿಗೃಹದಲ್ಲಿ ವಿಚಾರಿಸಿದೆವು. ಒಂದು ರಾತ್ರಿಗೆ 3,500 ರೂಪಾಯಿ ಎಂದರು. ಹತ್ತು ನಿಮಿಷ ನಡೆದು ಕೋಟಿತೀರ್ಥದ ಹತ್ತಿರದ ಓಣಿಗೆ ಹೋದಾಗ ಯಾತ್ರಿಕರಿಗೆ ಬಾಡಿಗೆ ಕೊಡುವ ಮನೆಯೊಂದರಲ್ಲಿ 800 ರೂಪಾಯಿಗೆ ಕೋಣೆ ಸಿಕ್ಕಿತು. ಹಂಚಿನ ಮಾಡು, ಸಗಣಿ ಸಾರಿಸಿದ ಅಂಗಳ, ಬಾವಿಯ ನೀರು. ಮನೆಯ ಯಜಮಾನಿತಿ ಕೇಳದೆಯೇ ಮೂರು ಲೋಟ ಮುರುಗಲ ಹಣ್ಣಿನ ಪಾನಕ ತಂದಿಟ್ಟರು. ಕಿಟಕಿಯಿಂದ ಕಡಲು ಕಾಣುವುದಕ್ಕೆಂದು ದಿನಕ್ಕೆ 2,700 ರೂಪಾಯಿ ಹೆಚ್ಚು ಕೊಡುವುದಕ್ಕಿಂತ ಹತ್ತು ನಿಮಿಷ ನಡೆದುಹೋಗಿ ನೋಡುವುದು ಲೇಸೆಂದು ಮೊಮ್ಮಗಳು ತನ್ನ ಪುಸ್ತಕದಲ್ಲಿ ಷರಾ ಬರೆದಳು.

ಸಂಜೆ ಐದೂವರೆಗೆ ರಥಬೀದಿಯಲ್ಲಿ ಪಶ್ಚಿಮಕ್ಕೆ ನಡೆದೆವು. ಹೂವು, ಬತ್ತಿ, ಶಂಖ, ಬಣ್ಣದ ಬಟ್ಟೆಗಳ ಅಂಗಡಿಗಳು ಎರಡೂ ಕಡೆ. ಅಂಗಡಿಗಳು ಮುಗಿದು ಮರಳು ಮೊದಲಾಯಿತು, ಮುಂದೆ ಕಡಲು. ಅಕ್ಕ ಅಲ್ಲಿಯೇ ನಿಂತಳು. ಏನಾದರೂ ಹೇಳುವಳೆಂದು ನಾವು ಕಾದೆವು. ಅವಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎರಡು ಮೂರು ಸಲ ಕಣ್ಣು ಹಾಯಿಸಿದಳು. ಬಿತ್ತುವುದಕ್ಕೆ ಮುಂಚೆ ಹೊಲದ ಬದುವಿನ ಮೇಲೆ ನಿಂತು ನೋಡುವವರ ನೋಟವದು. ಆಮೇಲೆ ಚಪ್ಪಲಿ ಬಿಟ್ಟು, ಸೀರೆಯನ್ನು ಕೊಂಚ ಮೇಲೆತ್ತಿಕೊಂಡು ನೀರಿನ ಅಂಚಿಗೆ ಹೋಗಿ, ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡಳು. “ದಂಡಿ ಕಾಣವಲ್ಲದು” ಎಂದಷ್ಟೇ ಅಂದಳು. ಸೂರ್ಯಾಸ್ತವಾಗಿ, ದೇವಾಲಯದ ಗಂಟೆಯ ಸದ್ದು ಕೇಳುವವರೆಗೂ ಅವಳು ಆ ಸ್ಥಳ ಬಿಟ್ಟು ಕದಲಲಿಲ್ಲ. ಅಂದು ಸಂಜೆಗೆ ನಮಗೆ ಒಂದು ಕಾಸೂ ಖರ್ಚಾಗಲಿಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗಳಿಗೆ ನೀರಿಗಿಳಿಯುವ ಆತುರ. ತೀರದ ಉದ್ದಕ್ಕೂ ಅಲೆಗಳು ನೊರೆಯಾಗಿ ಒಡೆಯುತ್ತಿದ್ದುವು. ನಡುವೆ ಒಂದೆಡೆ ಮಾತ್ರ ಹತ್ತಿಪ್ಪತ್ತು ಮಾರು ಅಗಲಕ್ಕೆ ಅಲೆಯೇ ಇಲ್ಲದೆ ನೀರು ಶಾಂತವಾಗಿ, ತುಸು ಕಪ್ಪಾಗಿ ತೋರುತ್ತಿತ್ತು. “ಅಜ್ಜಾ, ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯುತ್ತೇನೆ” ಎಂದು ಅವಳು ಓಡಿದಳು. ನಾನೂ ತಲೆಯಾಡಿಸಿದೆ. ಅಷ್ಟರಲ್ಲಿ ದೂರದಿಂದ ಸೀಟಿಯ ಸದ್ದು ಕೇಳಿತು. ಕೆಂಪು ಅಂಗಿಯ ಜೀವರಕ್ಷಕನೊಬ್ಬ ಓಡಿ ಬಂದು, ಮೊಣಕಾಲುದ್ದ ನೀರಿನಲ್ಲಿದ್ದ ಹುಡುಗಿಯನ್ನು ಕೈಹಿಡಿದು ಈಚೆಗೆ ಕರೆತಂದ. “ಅಲೆ ಇಲ್ಲದ ಜಾಗ ನೋಡಿ ಇಳಿಯೂಕೆ ಹೋಗಬೇಡಿ, ಅಜ್ಜನವರೇ. ಜನ ಹೋಗುವುದು ಅಲ್ಲೇ” ಎಂದ.

ಅವನು ತಿಳಿಸಿದ ವಿಷಯವನ್ನು ನೀವೆಲ್ಲರೂ ಗಮನವಿಟ್ಟು ಓದಬೇಕು. ಅಲೆಗಳು ಎಡೆಬಿಡದೆ ದಡಕ್ಕೆ ನೀರನ್ನು ತಂದು ಸುರಿಯುತ್ತವೆ. ಹಾಗೆ ಬಂದ ನೀರು ಹಿಂದಿರುಗಲೇಬೇಕಲ್ಲವೆ? ಅದು ಮರಳಿನ ದಿಬ್ಬಗಳ ನಡುವೆ ಆಳವಾದ ಎಡೆಯನ್ನು ಹುಡುಕಿಕೊಂಡು, ಅಲ್ಲಿ ಒಟ್ಟುಗೂಡಿ, ಹೊಳೆಯಂತೆ ಕಡಲಿನ ಕಡೆಗೆ ಹರಿಯುತ್ತದೆ. ಆಳವಿರುವ ಕಡೆ ಅಲೆ ಒಡೆಯುವುದಿಲ್ಲವಾದುದರಿಂದ ಆ ಜಾಗ ಶಾಂತವಾಗಿ ಕಾಣುತ್ತದೆ. ಹೊಸಬರು ಅದನ್ನೇ ಸುರಕ್ಷಿತವೆಂದು ನಂಬಿ ಇಳಿಯುತ್ತಾರೆ. ಕಾಲ ಕೆಳಗಿನ ಸೆಳೆತ ಅವರನ್ನು ಒಳಕ್ಕೆ ಒಯ್ಯುತ್ತದೆ. ಆಗ ಗಾಬರಿಯಿಂದ ದಡದ ಕಡೆಗೆ ನೇರವಾಗಿ ಈಜಲು ಹೋದರೆ, ಎಂಥ ಈಜುಗಾರನೂ ಸೋತು ಮುಳುಗಬಹುದು. ಅಂಥ ಸೆಳೆತಕ್ಕೆ ಸಿಕ್ಕವರು ಅದರೊಡನೆ ಹೋರಾಡದೆ ತೇಲುತ್ತ ಉಸಿರು ಉಳಿಸಿಕೊಳ್ಳಬೇಕು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಆಮೇಲೆ ಅಲೆಗಳೊಡನೆ ದಡ ಸೇರಬೇಕು. ಈಜಲು ಬಾರದಿದ್ದರೆ ಕೈಯೆತ್ತಿ ಸಹಾಯಕ್ಕೆ ಕೂಗಬೇಕು. ದಡದಲ್ಲಿದ್ದವರು ಅವಸರದಿಂದ ತಾವೂ ಧುಮುಕದೆ, ಹಗ್ಗವನ್ನೋ ಬಾಯಿ ಮುಚ್ಚಿದ ಖಾಲಿ ಡಬ್ಬವನ್ನೋ ಎಸೆಯಬೇಕು, ಜೀವರಕ್ಷಕರನ್ನು ಕರೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲದಲ್ಲಿ, ಕಡಲಿಗೆ ಇಳಿಯಲೇಬಾರದು.

ಇಷ್ಟು ವರ್ಷ ಸಮುದ್ರದ ಪಾಠ ಹೇಳಿದ ನನಗೆ ಈ ಒಂದು ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ತಲೆಯಾಡಿಸಿದ್ದೆ. ನನ್ನ ಕೈಕಾಲು ನಡುಗುತ್ತಿದ್ದುದನ್ನು ಕಂಡು ಅಕ್ಕ ನನ್ನ ಪಕ್ಕದಲ್ಲಿ ಬಂದು ಕುಳಿತಳು. ಒಂದು ಮಾತನ್ನೂ ಆಡಲಿಲ್ಲ. ಆ ಯುವಕ ಬೇರೊಂದು ಕಡೆ ಎರಡು ಬಾವುಟಗಳ ನಡುವೆ ಸ್ನಾನಕ್ಕೆ ತಕ್ಕ ಸ್ಥಳ ತೋರಿಸಿದ. ಮೊಮ್ಮಗಳು ಅಜ್ಜಿಯ ಕೈಹಿಡಿದು, ಸೊಂಟ ಮುಳುಗದಷ್ಟು ನೀರಿನಲ್ಲಿ ಒಂದು ಗಂಟೆ ಆಡಿದಳು. ಅವನಿಗೆ ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅಕ್ಕನ ಗಂಟಿನಲ್ಲಿದ್ದ ಎರಡು ರೊಟ್ಟಿ, ಚಟ್ನಿಪುಡಿಯನ್ನು ಮಾತ್ರ ಸಂತೋಷದಿಂದ ತೆಗೆದುಕೊಂಡ.

ಬಿಸಿಲು ಏರುವ ಮುನ್ನ ಚಿರೆಕಲ್ಲಿನ ಗುಡ್ಡವನ್ನು ಹತ್ತಿಳಿದು ಕುಡ್ಲೆ ತೀರಕ್ಕೆ ನಡೆದೆವು. ದಾರಿಯಲ್ಲಿ ನಿಂತು ನೋಡಿದರೆ ಕೆಳಗೆ ಕಡಲು ನೀಲಿಯಾಗಿ ಹರಡಿತ್ತು. ಕುಡ್ಲೆಯಲ್ಲಿ ನೆರಳಿಗೆಂದು ಒಂದು ಉಪಾಹಾರದ ಚಪ್ಪರದೊಳಗೆ ಕುಳಿತು, ಮೂರು ನಿಂಬೆಹಣ್ಣಿನ ಷರಬತ್ತು, ಒಂದು ತಟ್ಟೆ ತಿಂಡಿ ತರಿಸಿದೆವು. ಬೆಲೆ ಕೇಳಲಿಲ್ಲ. ಚೀಟಿ ಬಂದಾಗ 540 ರೂಪಾಯಿ! ಊರೊಳಗಿನ ಖಾನಾವಳಿಯಲ್ಲಿ ಅಷ್ಟು ಹಣಕ್ಕೆ ಮೂವರೂ ಒಂದು ದಿನ ಉಣ್ಣಬಹುದಾಗಿತ್ತು. ಅಕ್ಕನ ಮುಖ ಸಪ್ಪಗಾಯಿತು. ಅಷ್ಟು ರೊಕ್ಕಕ್ಕೆ ಎಷ್ಟು ಲೀಟರು ಹಾಲು ಮಾರಬೇಕೆಂದು ಅವಳು ಲೆಕ್ಕ ಹಾಕುತ್ತಿದ್ದಳೆಂದು ನನಗೆ ಗೊತ್ತಾಯಿತು. ನಾನು ಸಿಟ್ಟಿನಿಂದ ಮಾತಿಗೆ ಹೋದೆ. ಚಪ್ಪರದ ಹುಡುಗ ಗೋಡೆಯ ಮೇಲೆ ಬರೆದಿದ್ದ ಬೆಲೆಪಟ್ಟಿಯನ್ನು ತೋರಿಸಿದ. ನಾವು ಓದಿರಲಿಲ್ಲ, ಅಷ್ಟೇ.

ಹಣ ಕೊಟ್ಟು ಹೊರಟಾಗ ಅಕ್ಕ ಆ ಹುಡುಗನನ್ನೇ ಮೆಲ್ಲಗೆ ವಿಚಾರಿಸಿದಳು. ಮಳೆಗಾಲ ಬಂತೆಂದರೆ ಚಪ್ಪರ ಬಿಚ್ಚಬೇಕು. ನಾಲ್ಕು ತಿಂಗಳು ವ್ಯಾಪಾರವಿಲ್ಲ. ಸಾಮಾನುಗಳನ್ನು ಗುಡ್ಡ ದಾಟಿಸಿ ತಲೆಹೊರೆಯಲ್ಲಿ ತರಬೇಕು. ಜಾಗದ ಬಾಡಿಗೆ ಬೇರೆ ಎಂದು ಅವನು ಹೇಳಿದ. ಬೇರೆ ಊರಿನಿಂದ ದುಡಿಯಲು ಬಂದ ಆ ಹುಡುಗನಿಗೆ ಹದಿನೇಳೋ ಹದಿನೆಂಟೋ ವರ್ಷ. ದಾರಿಯಲ್ಲಿ ಅಕ್ಕ ಹೇಳಿದಳು: “ಅವನದೂ ತಪ್ಪಿಲ್ಲ, ನಮ್ಮದೂ ತಪ್ಪಿಲ್ಲ. ಕೇಳಿ ಕುಂದರಬೇಕಿತ್ತು.” ಮೊಮ್ಮಗಳು ಖರ್ಚಿನ ಪುಸ್ತಕದಲ್ಲಿ 540 ಎಂದು ಬರೆದು, ಅದರ ಮುಂದೆ ‘ಬೆಲೆ ಕೇಳದಿದ್ದುದಕ್ಕೆ ತೆತ್ತ ಶುಲ್ಕ’ ಎಂದು ನಮೂದಿಸಿದಳು.

ಮಧ್ಯಾಹ್ನ ಮಹಾಬಲೇಶ್ವರನ ದರ್ಶನ, ಪ್ರಸಾದದ ಊಟ. ಬಿಸಿಲು ಇಳಿದ ಮೇಲೆ ಆಟೋರಿಕ್ಷಾದಲ್ಲಿ ನಾಲ್ಕೈದು ಕಿಲೋಮೀಟರು ದೂರದ ಸಾಣಿಕಟ್ಟೆಗೆ ಹೋದೆವು. ವಿಹಾರಕ್ಕೆ ಬಂದವರಲ್ಲಿ ಬಹುಮಂದಿ ನೋಡದೆ ಹೋಗುವ ಸ್ಥಳವಿದು. ಸಹ್ಯಾದ್ರಿಯ ಶಿರಸಿಯ ಕಡೆ ಹುಟ್ಟಿ, ಎಲ್ಲಿಯೂ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿದುಬರುವ ಅಘನಾಶಿನಿ ನದಿ ತದಡಿಯ ಬಳಿ ಕಡಲನ್ನು ಸೇರುತ್ತದೆ. ಅದರ ಅಳಿವೆಯ ದಂಡೆಯಲ್ಲಿ ಕಣ್ಣು ಹಾಯುವಷ್ಟು ದೂರ ಉಪ್ಪಿನ ಆಗರಗಳು. ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಗಿದೆ. ಮೀನು, ಚಿಪ್ಪುಜೀವಿಗಳನ್ನು ನಂಬಿ ಸಾವಿರಾರು ಸಂಸಾರಗಳು ಇಲ್ಲಿ ಬದುಕುತ್ತವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತದ ತಳಿಯನ್ನು ಗಜನಿ ಗದ್ದೆಗಳಲ್ಲಿ ಬೆಳೆಯುವುದೂ ಇಲ್ಲಿಯ ವಿಶೇಷ.

ಅನುಮತಿ ಕೇಳಿಕೊಂಡು ಬದುವಿನ ಮೇಲೆ ನಿಂತೆವು. ದಿನಕ್ಕೆರಡು ಸಲ ಬರುವ ಉಬ್ಬರದ ನೀರನ್ನು ತೂಬಿನ ಮೂಲಕ ಮೊದಲು ದೊಡ್ಡ ಕಟ್ಟೆಗಳಿಗೆ ಬಿಟ್ಟುಕೊಳ್ಳುತ್ತಾರೆ. ಬಿಸಿಲಿಗೆ ನೀರು ಆರುತ್ತ ಗಟ್ಟಿಯಾದಂತೆ ಅದನ್ನು ಚಿಕ್ಕ ಚಿಕ್ಕ ಮಡಿಗಳಿಗೆ ಹಾಯಿಸುತ್ತಾರೆ. ಕೊನೆಯ ಮಡಿಯಲ್ಲಿ ಉಪ್ಪು ಹರಳುಗಟ್ಟಿದಾಗ ಉದ್ದ ಹಿಡಿಯ ಮರದ ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಷ್ಟನ್ನು ಪಡೆಯಲು ಬಿಸಿಲೂ ಮನುಷ್ಯನ ಬೆನ್ನೂ ದುಡಿಯಬೇಕು. ಕೆಲಸವೆಲ್ಲ ಬೇಸಗೆಯಲ್ಲಿ, ಮಳೆ ಹನಿಯಿತೆಂದರೆ ರಾಶಿ ಕರಗಿತು.

ಕಡಲನ್ನು ಕಂಡು ಮೌನವಾಗಿದ್ದ ಅಕ್ಕನಿಗೆ ಇಲ್ಲಿ ಮಾತು ಬಂತು. ಅವಳಿಗೆ ಇದು ಗುರುತಿನ ಲೋಕ: ಮಡಿ, ಬದು, ತೂಬು, ರಾಶಿ. ಅಲ್ಲಿ ದುಡಿಯುತ್ತಿದ್ದ ಹೆಂಗಸರೊಡನೆ ಕೂಲಿ, ಬೆನ್ನುನೋವು, ಮಕ್ಕಳ ಓದು ಎಂದು ಅರ್ಧ ಗಂಟೆ ಮಾತನಾಡಿದಳು. ಹಿಂದಿರುಗುವಾಗ, “ಇದೂ ಒಕ್ಕಲತನನ, ತಮ್ಮಾ. ನಾವು ಮುಗಿಲು ನೋಡಿ ಮಳಿ ಬಾ ಅಂತೀವಿ, ಇವರು ಬರಬ್ಯಾಡ ಅಂತಾರ. ದೇವರು ಯಾರ ಮಾತು ಕೇಳಬೇಕು?” ಎಂದಳು. ಇದೇ ಜಿಲ್ಲೆಯ ಅಂಕೋಲೆಯಲ್ಲಿ 1930ರಲ್ಲಿ ಜನ ಉಪ್ಪಿನ ಕಾಯಿದೆಯನ್ನು ಮುರಿದು ಸತ್ಯಾಗ್ರಹ ಮಾಡಿದ ಕಥೆಯನ್ನು ನಾನು ಮೊಮ್ಮಗಳಿಗೆ ಹೇಳಿದೆ. ಬೆವರು ಸುರಿಸಿ ತೆಗೆದ ಉಪ್ಪಿಗೆ ಪರಕೀಯರು ತೆರಿಗೆ ಹಾಕಿದುದು ಜನರಿಗೆ ಏಕೆ ಅಷ್ಟು ನೋವು ತಂದಿತೆಂಬುದನ್ನು ಆ ಆಗರದ ಎದುರಿನಲ್ಲಿ ವಿವರಿಸಬೇಕಾಗಲಿಲ್ಲ. ಅಕ್ಕ ಒಂದು ಚಿಕ್ಕ ಚೀಲ ಉಪ್ಪು ಕೊಂಡಳು.

ಮೂರನೆಯ ದಿನ ಬೆಳಿಗ್ಗೆ ರಥಬೀದಿಯಲ್ಲಿ ಹಾಲಕ್ಕಿ ಒಕ್ಕಲ ಜನಾಂಗದ ಒಬ್ಬ ಮುದುಕಿ ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕುಳಿತಿದ್ದಳು. ಕೊರಳ ತುಂಬ ಮಣಿಸರ. ಪದ್ಮಶ್ರೀ ಪ್ರಶಸ್ತಿ ಪಡೆದ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಸಸಿಗಳನ್ನು ಮಕ್ಕಳಂತೆ ಬೆಳೆಸಿದ ತುಳಸಿ ಗೌಡ ಇವರಿಬ್ಬರೂ ಇದೇ ಜನಾಂಗದವರೆಂದು ಮೊಮ್ಮಗಳು ಶಾಲೆಯಲ್ಲಿ ಕಲಿತಿದ್ದಳು. ಮಾಲೆಗೆ ಇಪ್ಪತ್ತು ರೂಪಾಯಿ ಎಂದಾಗ ಹುಡುಗಿ, ಹಿಂದಿನ ದಿನದ ಪಾಠ ನೆನೆದು, “ಹದಿನೈದಕ್ಕೆ ಕೊಡಿ” ಎಂದಳು. ಅಕ್ಕ ಅವಳ ಕೈಯನ್ನು ಮೆಲ್ಲಗೆ ಒತ್ತಿ, ಇಪ್ಪತ್ತು ರೂಪಾಯಿಯನ್ನೇ ಕೊಟ್ಟಳು. “ಬೆಲೆ ಕೇಳು ಅಂದೆ. ದುಡಿಯೋರ ಕೂಡ ಜಗ್ಗಾಡು ಅನ್ನಲಿಲ್ಲ” ಎಂದು ಆಮೇಲೆ ತಿಳಿಹೇಳಿದಳು. ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಅಂತರವನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದವನು ನಾನು. ಅಷ್ಟು ಚಿಕ್ಕದಾಗಿ ವಿವರಿಸಲು ನನಗೆ ಎಂದೂ ಆಗಿರಲಿಲ್ಲ.

ಬಸ್ಸಿಗೆ ಇನ್ನೂ ಸಮಯವಿತ್ತು. ಕೊನೆಯ ಸಲ ಕಡಲಿಗೆ ಹೋದೆವು. ಇಳಿತದ ಸಮಯ; ನೀರು ಹಿಂದೆ ಸರಿದು, ಒದ್ದೆ ಮರಳು ಕನ್ನಡಿಯಂತೆ ಹೊಳೆಯುತ್ತಿತ್ತು. ಹಿಂದಿನ ದಿನ ವಿಹಾರಿಗಳು ಬಿಟ್ಟುಹೋದ ಬಾಟಲಿ, ಕಾಗದದ ತಟ್ಟೆಗಳು ಅಲ್ಲಲ್ಲಿ ಬಿದ್ದಿದ್ದುವು. ಅಕ್ಕ ಬಗ್ಗಿ ನಾಲ್ಕನ್ನು ಆರಿಸಿ ಕಸದ ತೊಟ್ಟಿಗೆ ಹಾಕಿದಳು, ನಾವೂ ಆರಿಸಿದೆವು. ಆಮೇಲೆ ಅವಳು ಮೊಮ್ಮಗಳಿಗೆ ಹೇಳಿದಳು: “ನಾಕನೇತ್ತಾಕ ಸಾಲಿ ಬಿಟ್ಟೆ. ಗುರುಗಳು ಬರೆದ ಸಮುದ್ರ ಹಲಿಗಿ ಮ್ಯಾಲೆ ಹಂಗ ಉಳೀತು. ಅದನ್ನ ನೋಡಾಕ ಅರವತ್ತು ವರ್ಷ ಹಿಡೀತು. ನೀ ಸಾಲಿ ಬಿಡಬ್ಯಾಡ.” ಹುಡುಗಿ ತಲೆ ತಗ್ಗಿಸಿ ಹೂಂಗುಟ್ಟಿದಳು. ನನಗೆ ಕಡಲಿನ ಕಡೆಗೆ ಮುಖ ತಿರುಗಿಸಿಕೊಳ್ಳಬೇಕಾಯಿತು.

ಊರಿಗೆ ಬಂದ ಮೇಲೆ ಮೊಮ್ಮಗಳು ಲೆಕ್ಕ ಓದಿದಳು: ನನ್ನ ಬಸ್ಸಿನ ಖರ್ಚು 480, ಎರಡು ರಾತ್ರಿಯ ಕೋಣೆ 1,600, ಊಟ ತಿಂಡಿ 1,560, ಆಟೋರಿಕ್ಷಾ 420, ಬೆಲೆ ಕೇಳದಿದ್ದುದಕ್ಕೆ 540, ದೇವಾಲಯ, ಹೂವು, ಉಪ್ಪು 180. ಒಟ್ಟು 4,780 ರೂಪಾಯಿ. ಉಳಿದುದು 1,220. ಅಕ್ಕ ತನ್ನ ಪಾಲಿನ 610 ರೂಪಾಯಿಯನ್ನು ಎಣಿಸಿ ಡಬ್ಬಿಗೆ ಹಾಕಿ, “ಮುಂದಿನ ಸಲಕ್ಕ” ಎಂದಳು. ತಂದ ಉಪ್ಪನ್ನು ಓಣಿಯ ಹನ್ನೆರಡು ಮನೆಗಳಿಗೆ ಹಿಡಿಹಿಡಿಯಾಗಿ ಹಂಚಿದಳು.

ವಿದ್ಯಾರ್ಥಿಗಳೇ, ಕಡಲು ಯಾರಿಂದಲೂ ಶುಲ್ಕ ಕೇಳುವುದಿಲ್ಲ. ಅದರ ಸುತ್ತ ಬೆಳೆದ ಊರು ಕೇಳುತ್ತದೆ. ಅದು ಆ ಊರಿನವರ ಬದುಕು. ಎಷ್ಟು ಕೊಡಬೇಕು, ಯಾವುದಕ್ಕೆ ಕೊಡಬೇಕು ಎಂಬುದನ್ನು ಮೊದಲೇ ಯೋಚಿಸಿದವನು ಸಾಲವಿಲ್ಲದೆ, ಕೊರಗಿಲ್ಲದೆ ಮನೆಗೆ ಮರಳುತ್ತಾನೆ. ನಿಮ್ಮ ಮನೆಯಲ್ಲಿಯೂ ಕಡಲನ್ನೋ ಬೆಟ್ಟವನ್ನೋ ಬೇರೊಂದು ಊರನ್ನೋ ನೋಡಬೇಕೆಂದು ಬಹುಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡು, ಬಾಯಿಬಿಟ್ಟು ಹೇಳದ ಹಿರಿಯರು ಇರಬಹುದು. ಇಂದು ಸಂಜೆ ಅವರನ್ನು ಕೇಳಿ ನೋಡಿರಿ. ನಾನು ಕೇಳುವುದಕ್ಕೆ ಬಹಳ ತಡಮಾಡಿದೆ.

ಅಭ್ಯಾಸ

ಪದಗಳ ಅರ್ಥ
ಎರೆನೆಲ – ಕಪ್ಪು ಮಣ್ಣಿನ ಭೂಮಿ
ಕುರುಪಿ – ಕಳೆ ತೆಗೆಯುವ ಸಲಕರಣೆ
ಪಾಟಿ – ಬರೆಯುವ ಹಲಗೆ, ಸ್ಲೇಟು
ಷರಾ – ಟೀಕೆ, ಅಭಿಪ್ರಾಯ
ಮಾರು – ಎರಡೂ ತೋಳುಗಳನ್ನು ಚಾಚಿದಷ್ಟು ಉದ್ದ
ಅಳಿವೆ – ನದಿಯು ಸಮುದ್ರವನ್ನು ಸೇರುವ ಸ್ಥಳ
ಆಗರ – ಉಪ್ಪು ತಯಾರಿಸುವ ಸ್ಥಳ, ನೆಲೆ
ತೂಬು – ನೀರನ್ನು ಬಿಡುವ, ತಡೆಯುವ ಕಂಡಿ
ಮಿತವ್ಯಯ – ಅಗತ್ಯವಿದ್ದಷ್ಟೇ ಖರ್ಚು ಮಾಡುವುದು

I. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಲೇಖಕರ ಅಕ್ಕ ಶಾಲೆ ಬಿಡಲು ಕಾರಣವೇನು?
2. ಪ್ರವಾಸಕ್ಕೆ ಮಂಗಳವಾರವನ್ನು ಏಕೆ ಆರಿಸಿಕೊಂಡರು?
3. ಗಂಗಾವಳಿ ನದಿ ಯಾವ ಸಮುದ್ರವನ್ನು ಸೇರುತ್ತದೆ?
4. ಕಗ್ಗ ಎಂದರೇನು?

II. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಅಲೆಯಿಲ್ಲದ ಜಾಗ ಏಕೆ ಅಪಾಯಕರ?
2. ಸೆಳೆತಕ್ಕೆ ಸಿಕ್ಕವರು ಏನು ಮಾಡಬೇಕು? ದಡದಲ್ಲಿದ್ದವರು ಏನು ಮಾಡಬೇಕು?
3. ಕಡಲ ನೀರಿನಿಂದ ಉಪ್ಪು ತಯಾರಾಗುವ ಬಗೆಯನ್ನು ತಿಳಿಸಿರಿ.

III. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಅಂತರ ಈ ಪಾಠದಲ್ಲಿ ಹೇಗೆ ವ್ಯಕ್ತವಾಗಿದೆ?
2. ಕಡಲಿನ ಎದುರು ಮೌನವಾಗಿದ್ದ ಅಕ್ಕ ಸಾಣಿಕಟ್ಟೆಯಲ್ಲಿ ಮಾತನಾಡಿದುದೇಕೆ? ವಿವರಿಸಿರಿ.

IV. ಸಂದರ್ಭ ಸೂಚಿಸಿ ವಿವರಿಸಿರಿ.
1. “ನಾ ದುಡಿದ ರೊಕ್ಕದಾಗ ನೋಡತೀನಿ.”
2. “ದೇವರು ಯಾರ ಮಾತು ಕೇಳಬೇಕು?”

V. ಭಾಷಾಭ್ಯಾಸ
1. ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಸೂರ್ಯಾಸ್ತ, ಉಬ್ಬರವಿಳಿತ, ಮಹಾಬಲೇಶ್ವರ.
2. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.
3. ಪಾಠದಲ್ಲಿ ಅಕ್ಕ ಆಡಿದ ಮಾತುಗಳನ್ನು ಗ್ರಾಂಥಿಕ ಭಾಷೆಗೆ ಪರಿವರ್ತಿಸಿರಿ.

VI. ಚಟುವಟಿಕೆ
ನಿಮ್ಮ ಮನೆಯ ಮೂವರು ಎರಡು ದಿನ ಹೋಗಿ ಬರಬಹುದಾದ ಒಂದು ಪ್ರವಾಸಕ್ಕೆ ಖರ್ಚಿನ ಅಂದಾಜು ಪಟ್ಟಿಯನ್ನು ತಯಾರಿಸಿ, ಅದನ್ನು ಮನೆಯ ಹಿರಿಯರೊಡನೆ ಚರ್ಚಿಸಿರಿ.